ಹಳೇ ಕಾರು ಹೀಟ್ ಆಗ್ತಿದೆಯಾ? ಹೀಟರ್, ಏಸಿ, ಎಂಜಿನ್ ತೊಂದರೆಯನ್ನು ನೀವೇ ಹಂತ ಹಂತವಾಗಿ ಹುಡುಕುವುದು ಹೇಗೆ

ಹಳೇ ಕಾರು ಇಟ್ಟುಕೊಂಡವರು ನನ್ನನ್ನು ಕೇಳುವ ಪ್ರಶ್ನೆಗಳು ನಾಲ್ಕೇ ನಾಲ್ಕು. ಟೆಂಪರೇಚರ್ ಮುಳ್ಳು ಮೇಲೆ ಹೋಗುತ್ತಿದೆ, ಏನು ಮಾಡಲಿ? ಹೀಟರ್ ಹಾಕಿದರೆ ತಣ್ಣನೆ ಗಾಳಿ ಬರುತ್ತದೆ, ಯಾಕೆ? ಹೋದ ವರ್ಷ ತಾನೇ ಏಸಿ ಗ್ಯಾಸ್ ತುಂಬಿಸಿದ್ದೆ, ಮತ್ತೆ ಖಾಲಿಯಾಯಿತಾ? ಬೆಳಗ್ಗೆ ಸ್ಟಾರ್ಟ್ ಆಗುವುದಿಲ್ಲ, ಸ್ಟಾರ್ಟ್ ಆದರೂ ನಡುಗುತ್ತದೆ, ಇದಕ್ಕೇನು ಕಾರಣ? ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ಇವು ನಾಲ್ಕೂ ಬೇರೆ ಬೇರೆ ತೊಂದರೆ ಅಂತ ಅನ್ನಿಸುತ್ತದೆ, ಅಲ್ವಾ? ಆದರೆ ಒಂದಕ್ಕೊಂದು ನಂಟಿದೆ. ಎಂಜಿನ್ನನ್ನು ತಣ್ಣಗಿಡುವ ಕೂಲೆಂಟ್ ಅನ್ನುವ ದ್ರವವೇ ಹೀಟರ್‌ಗೂ ಬಿಸಿ ಕೊಡುತ್ತದೆ. ಏಸಿಯ ಬಿಸಿಯನ್ನು ಹೊರಗೆ ಬಿಡುವ ಕಂಡೆನ್ಸರ್ ಕೂತಿರುವುದು ಕೂಲೆಂಟನ್ನು ತಣ್ಣಗೆ ಮಾಡುವ ರೇಡಿಯೇಟರ್ ಎದುರಿಗೇ, ಎಷ್ಟೋ ಕಾರುಗಳಲ್ಲಿ ಎರಡಕ್ಕೂ ಒಂದೇ ಫ್ಯಾನ್. ಎಂಜಿನ್‌ಗೆ ಎಷ್ಟು ಪೆಟ್ರೋಲ್ ಬಿಡಬೇಕು ಅಂತ ಕಂಪ್ಯೂಟರ್ ಲೆಕ್ಕ ಹಾಕುವುದೂ ಕೂಲೆಂಟ್ ಎಷ್ಟು ಬಿಸಿಯಿದೆ ಅನ್ನುವುದನ್ನು ನೋಡಿಕೊಂಡೇ. ಅದಕ್ಕೇ ಒಂದು ಕಡೆಯ ಲಕ್ಷಣ ಇನ್ನೊಂದು ಕಡೆಯ ರೋಗವನ್ನು ತೋರಿಸುತ್ತದೆ. ಇದನ್ನು ನೋಡದೆ ಒಬ್ಬರು ಹೇಳಿದರು ಅಂತ ಥರ್ಮೋಸ್ಟಾಟ್ (ಕೂಲೆಂಟಿನ ಹರಿವನ್ನು ತಡೆದು ಬಿಡುವ ಬಾಗಿಲು), ಇನ್ನೊಬ್ಬರು ಹೇಳಿದರು ಅಂತ ರೇಡಿಯೇಟರ್, ಹೀಗೆ ಊಹೆಯ ಮೇಲೆ ಭಾಗಗಳನ್ನು ಬದಲಿಸುತ್ತಾ ಹೋದರೆ ದುಡ್ಡು ಖರ್ಚಾಗುತ್ತದೆ, ತೊಂದರೆ ಮಾತ್ರ ಅಲ್ಲೇ ಇರುತ್ತದೆ.

ಈಗಲೇ ರಸ್ತೆಯಲ್ಲಿ ನಿಂತಿದ್ದೀರಾ?

ಹಾಗಿದ್ದರೆ ಮೊದಲು ಇದನ್ನು ಓದಿ. ಮುಳ್ಳು ಕೆಂಪಿನ ಕಡೆ ಹೋಗುತ್ತಿದ್ದರೆ ಏಸಿ ಆಫ್ ಮಾಡಿ. ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ, ಬ್ಲೋವರ್ ಜೋರಾಗಿಡಿ. ಕೂತವರಿಗೆ ಸೆಕೆ, ನಿಜ, ಆದರೆ ಹೀಟರ್ ಕೂಡ ಒಂದು ಸಣ್ಣ ರೇಡಿಯೇಟರೇ. ಅದರಿಂದ ಎಂಜಿನ್ನಿನ ಬಿಸಿ ಒಂದಿಷ್ಟು ಹೊರಗೆ ಹೋಗುತ್ತದೆ. ಸುರಕ್ಷಿತ ಜಾಗ ಸಿಕ್ಕ ಕೂಡಲೇ ಪಕ್ಕಕ್ಕೆ ಹಾಕಿ, ಎಂಜಿನ್ ಆಫ್ ಮಾಡಿ. ಬಾನೆಟ್ ಸಂದಿಯಿಂದ ಹಬೆ ಬರುತ್ತಿದ್ದರೆ ಅದು ನಿಲ್ಲುವ ತನಕ ಬಾನೆಟ್ ಎತ್ತಬೇಡಿ. ಕಡಿಮೆ ಅಂದರೂ ಅರ್ಧ ಗಂಟೆ ಕಾಯಿರಿ, ಒಂದು ಗಂಟೆಯಾದರೆ ಇನ್ನೂ ಒಳ್ಳೆಯದು.

ಬಿಸಿಯಾಗಿರುವಾಗ ರೇಡಿಯೇಟರ್ ಕ್ಯಾಪ್ ತೆಗೆಯಲೇಬೇಡಿ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಒಳಗಿನ ಕೂಲೆಂಟ್ ನೂರು ಡಿಗ್ರಿ ದಾಟಿದ್ದರೂ ಕುದಿಯದೆ ಸುಮ್ಮನಿರುವುದು ಒತ್ತಡದಿಂದ. ಕ್ಯಾಪ್ ತೆಗೆದ ಕ್ಷಣ ಒತ್ತಡ ಹೋಗುತ್ತದೆ, ಅಷ್ಟೂ ಒಟ್ಟಿಗೆ ಕುದಿದು ನೇರ ಮುಖಕ್ಕೆ, ಕೈಗೆ ಚಿಮ್ಮುತ್ತದೆ. ಬಟ್ಟೆ ಸುತ್ತಿಕೊಂಡರೆ ಪರವಾಗಿಲ್ಲ ಅನ್ನುವವರ ಮಾತು ಕೇಳಬೇಡಿ. ಹಾಗೆಯೇ, ಸುಡುವ ಎಂಜಿನ್ನಿಗೆ ತಣ್ಣೀರು ಸುರಿಯಬೇಡಿ. ಬಿಸಿ ಲೋಹ ಒಮ್ಮೆಲೇ ಕುಗ್ಗಿ ಎಂಜಿನ್ನಿನ ಮುಖ್ಯ ಮೈಯಾದ ಬ್ಲಾಕ್ ಅಥವಾ ಅದರ ಮೇಲೆ ಕೂತಿರುವ ಹೆಡ್ ಸೀಳಬಹುದು.

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಮೇಲೇರಿದ್ದ ಮುಳ್ಳು ಇದ್ದಕ್ಕಿದ್ದಂತೆ ಕೆಳಗೆ ಬಿದ್ದರೆ ಸರಿಹೋಯಿತು ಅಂದುಕೊಳ್ಳಬೇಡಿ. ಸೆನ್ಸರ್ ಅಳೆಯುವುದು ದ್ರವದ ಬಿಸಿಯನ್ನು. ಕೂಲೆಂಟ್ ಸೋರಿ ಹೋಗಿ ಸೆನ್ಸರ್ ಸುತ್ತ ಬರೀ ಗಾಳಿ ಉಳಿದರೆ ಅದು ಸುಳ್ಳು ಹೇಳುತ್ತದೆ. ನನ್ನ ಕಾರಿನಲ್ಲಿ ಒಮ್ಮೆ ಹೀಗೇ ಆಯಿತು. ಮೊದಲು ಹೀಟರ್ ಗಾಳಿ ತಣ್ಣಗಾಯಿತು, ಆಮೇಲೆ ಮುಳ್ಳು ಇಳಿಯಿತು. ನಿಲ್ಲಿಸಿ ನೋಡಿದರೆ ರೇಡಿಯೇಟರಿನ ಕೆಳಗಿನ ಹೋಸ್ (ಕೂಲೆಂಟ್ ಹರಿಯುವ ರಬ್ಬರ್ ಪೈಪ್) ಸೀಳಿತ್ತು, ಒಳಗೆ ಕೂಲೆಂಟೇ ಇರಲಿಲ್ಲ.

ಕೈಗೆ ಬೇಕಾದ ಸಾಮಾನು

ಟಾರ್ಚ್, ದಪ್ಪ ಗ್ಲೌಸ್, ವೋಲ್ಟ್ ಅಳೆಯುವ ಒಂದು ಮಲ್ಟಿಮೀಟರ್, ಥರ್ಮಾಮೀಟರ್, ಕಾರಿನ ಮ್ಯಾನ್ಯುಯಲ್, ಒಂದು ನೋಟ್ ಪುಸ್ತಕ. ಡಿಸ್ಟಿಲ್ಡ್ ವಾಟರ್ ಮತ್ತು ಮ್ಯಾನ್ಯುಯಲ್ ಹೇಳಿದ ಜಾತಿಯ ಕೂಲೆಂಟ್. ಬಣ್ಣ ನೋಡಿ ಕೂಲೆಂಟ್ ತರಬೇಡಿ. ಹಸಿರು, ಕೆಂಪು, ನೀಲಿ ಅನ್ನುವುದಕ್ಕೆ ಎಲ್ಲ ಕಂಪನಿಗಳೂ ಒಪ್ಪಿದ ಅರ್ಥ ಅಂತ ಒಂದಿಲ್ಲ. ಹೊಂದದ ಎರಡು ಜಾತಿ ಬೆರೆಸಿದರೆ ತುಕ್ಕು ತಡೆಯುವ ಗುಣ ಹೋಗುತ್ತದೆ, ಕೆಲವು ಸಲ ಗಸಿ ಕಟ್ಟಿ ನಾಳಗಳನ್ನೇ ಮುಚ್ಚುತ್ತದೆ. ಸಾಮಾನ್ಯ ಅಳತೆ ಅರ್ಧ ಕೂಲೆಂಟ್, ಅರ್ಧ ಡಿಸ್ಟಿಲ್ಡ್ ವಾಟರ್. ಬೆರೆಸಿಯೇ ಮಾರುವ ಡಬ್ಬಿಗೆ ಮತ್ತೆ ನೀರು ಸೇರಿಸಬಾರದು. ಕೂಲೆಂಟ್ ವಿಷ, ಆದರೆ ಸಿಹಿಯಾಗಿರುತ್ತದೆ. ನಾಯಿ, ಬೆಕ್ಕು ನೆಕ್ಕಿದರೆ ಸಾಯುತ್ತವೆ, ಮಕ್ಕಳಿಗೂ ಅಪಾಯ. ಚೆಲ್ಲಿದ್ದನ್ನು ಕೂಡಲೇ ಒರೆಸಿ, ಚರಂಡಿಗೆ ಸುರಿಯಬೇಡಿ.

1. ತಣ್ಣಗಿರುವಾಗ ಕಣ್ಣಿನಿಂದ ನೋಡಿ

ಬೆಳಗ್ಗೆ, ಸ್ಟಾರ್ಟ್ ಮಾಡುವ ಮೊದಲು ಬಾನೆಟ್ ಎತ್ತಿ. ರಿಸರ್ವ್ ಬಾಟಲಿಯ ಮಟ್ಟ ನೋಡಿದರೆ ಮಾತ್ರ ಸಾಲದು. ರೇಡಿಯೇಟರ್‌ಗೇ ಕ್ಯಾಪ್ ಇದ್ದರೆ ಅದನ್ನೂ ತೆಗೆದು ನೋಡಿ, ಯಾಕೆಂದರೆ ಬಾಟಲಿ ತುಂಬಿದ್ದು ರೇಡಿಯೇಟರ್ ಖಾಲಿಯಿರುವುದು ಹಳೇ ಕಾರುಗಳಲ್ಲಿ ಮಾಮೂಲು. ಕ್ಯಾಪ್ ಕೆಟ್ಟರೆ ಬಿಸಿಯಾದಾಗ ಬಾಟಲಿಗೆ ಹೋದ ಕೂಲೆಂಟ್ ತಣ್ಣಗಾದ ಮೇಲೆ ವಾಪಸ್ ಬರುವುದಿಲ್ಲ.

ಆ ಕ್ಯಾಪನ್ನು ತಿರುಗಿಸಿ ಅಡಿಭಾಗ ನೋಡಿ. ರಬ್ಬರ್ ಬಿರುಕು ಬಿಟ್ಟಿದೆಯಾ, ಗಟ್ಟಿಯಾಗಿದೆಯಾ, ಸ್ಪ್ರಿಂಗ್ ತುಕ್ಕು ಹಿಡಿದಿದೆಯಾ? ನೀರು 100 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುತ್ತದೆ, ಅರ್ಧರ್ಧ ಬೆರೆಸಿದ ಕೂಲೆಂಟ್ ಸುಮಾರು 107ಕ್ಕೆ. ಒಂದು ಬಾರ್ ಆಸುಪಾಸಿನ ಒತ್ತಡ ಹಿಡಿಯುವ ಕ್ಯಾಪ್ ಹಾಕಿದರೆ ಅದೇ ಕೂಲೆಂಟ್ 125 ಡಿಗ್ರಿಯ ತನಕ ಕುದಿಯದೆ ತಾಳುತ್ತದೆ. ಅಂದರೆ ಈ ಸಣ್ಣ ಮುಚ್ಚಳ ಸಡಿಲವಾದರೆ ಉಳಿದೆಲ್ಲ ಸರಿಯಿದ್ದರೂ ಕಾರು ಕುದಿಯುತ್ತದೆ. ಬದಲಿಸುವಾಗ ಹಳೆಯದರ ಮೇಲೆ ಬರೆದಿರುವ ಒತ್ತಡವನ್ನು ಮ್ಯಾನ್ಯುಯಲ್ ಜೊತೆ ಹೋಲಿಸಿ, ಅಷ್ಟೇ ಒತ್ತಡದ್ದನ್ನು ತನ್ನಿ. ಜಾಸ್ತಿ ಇದ್ದರೆ ಒಳ್ಳೆಯದು ಅಂತಲ್ಲ, ಹಳೇ ಹೋಸ್‌ಗಳು ಒಡೆಯುತ್ತವೆ.

ಆಮೇಲೆ ಹೋಸ್‌ಗಳನ್ನು ಒಂದೊಂದಾಗಿ ಒತ್ತಿ. ಒಳ್ಳೆಯ ಹೋಸ್ ಗಟ್ಟಿಯಾಗಿ ಬಾಗುತ್ತದೆ. ಕೆಟ್ಟದ್ದು ಒಂದೋ ಮೆತ್ತಗೆ ಜೊಳ್ಳಾಗಿರುತ್ತದೆ, ಇಲ್ಲವೇ ಒತ್ತಿದರೆ ಒಳಗೆ ಚರಚರ ಅನ್ನುತ್ತದೆ. ಕ್ಲಿಪ್ ಇರುವ ಜಾಗದಲ್ಲಿ ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೆ ಅದು ಒಣಗಿದ ಕೂಲೆಂಟ್. ನೆಲದ ಮೇಲೆ ಒಂದು ಹನಿಯೂ ಕಾಣದಿದ್ದರೂ ಅಲ್ಲಿ ಸೋರುತ್ತಿದೆ ಅಂತಲೇ ಅರ್ಥ, ಬಿಸಿಗೆ ಹನಿ ಆರಿಹೋಗಿ ಕಲೆ ಮಾತ್ರ ಉಳಿದಿದೆ. ವಾಟರ್ ಪಂಪಿನ ಕೆಳಗೆ ಒಂದು ಸಣ್ಣ ತೂತಿರುತ್ತದೆ, ಅದರ ಸುತ್ತ ಇದೇ ಕಲೆ ಇದ್ದರೆ ಪಂಪಿನ ಸೀಲ್ ಹೋಗಿದೆ. ಕೆಲವು ಕಾರುಗಳಲ್ಲಿ ಪಂಪನ್ನು ತಿರುಗಿಸುವುದು ಟೈಮಿಂಗ್ ಬೆಲ್ಟ್. ಅಂಥ ಕಡೆ ಪಂಪ್ ಬದಲಿಸುವಾಗಲೇ ಬೆಲ್ಟನ್ನೂ ಬದಲಿಸಿಬಿಡಿ, ಬಿಚ್ಚುವ ಕೆಲಸ ಎರಡಕ್ಕೂ ಒಂದೇ.

ಡಿಪ್‌ಸ್ಟಿಕ್ ಎಳೆದು ಆಯಿಲ್ ಮಟ್ಟವನ್ನೂ ನೋಡಿ. ಆಯಿಲ್ ಕಡಿಮೆಯಿದ್ದರೂ ಎಂಜಿನ್ ಬಿಸಿಯಾಗುತ್ತದೆ.

2. ಯಾವಾಗ ಬಿಸಿಯಾಗುತ್ತದೆ ಅನ್ನುವುದನ್ನು ಬರೆದುಕೊಳ್ಳಿ

ಇಡೀ ಕೆಲಸದಲ್ಲಿ ನನಗೆ ಅತಿ ಮುಖ್ಯ ಅನ್ನಿಸುವುದು ಇದೇ. ಉಪಕರಣ ಏನೂ ಬೇಡ, ನೋಟ್ ಪುಸ್ತಕ ಸಾಕು.

ಟ್ರಾಫಿಕ್ಕಿನಲ್ಲಿ ನಿಂತಾಗ ಮುಳ್ಳು ಏರಿ, ಓಡಲು ಶುರುವಾದ ಮೇಲೆ ಇಳಿದರೆ ಗಾಳಿಯ ಕೊರತೆ. ಓಡುವಾಗ ಎದುರುಗಾಳಿಯೇ ಸಾಕು, ನಿಂತಾಗ ಫ್ಯಾನೇ ಗತಿ. ಹಾಗಾಗಿ ಮೊದಲು ಫ್ಯಾನ್ ನೋಡಿ. ನಿಂತಾಗ ಸರಿಯಿದ್ದು, ವೇಗವಾಗಿ ಹೋದಾಗ ಅಥವಾ ಏರು ಹತ್ತುವಾಗ ಏರಿದರೆ ಕೂಲೆಂಟಿನ ಹರಿವು ಸಾಲುತ್ತಿಲ್ಲ: ಒಳಗೆ ಕಟ್ಟಿಕೊಂಡ ರೇಡಿಯೇಟರ್, ಸವೆದ ಪಂಪ್, ಅರ್ಧವೇ ತೆರೆಯುವ ಥರ್ಮೋಸ್ಟಾಟ್. ಸ್ಟಾರ್ಟ್ ಮಾಡಿದ ಐದು ಹತ್ತು ನಿಮಿಷದಲ್ಲೇ ಕೆಂಪಿಗೆ ಓಡಿದರೆ ಥರ್ಮೋಸ್ಟಾಟ್ ಮುಚ್ಚಿಕೊಂಡೇ ಇದೆ, ಅಥವಾ ಕೂಲೆಂಟೇ ಇಲ್ಲ, ಅಥವಾ ಗಾಳಿ ಸಿಕ್ಕಿಕೊಂಡಿದೆ. ಏಸಿ ಹಾಕಿದಾಗ ಮಾತ್ರ ಏರಿದರೆ ತಂಪು ಮಾಡುವ ವ್ಯವಸ್ಥೆ ಈಗಾಗಲೇ ಕೊನೆಯ ಅಂಚಿನಲ್ಲಿದೆ, ಕಂಡೆನ್ಸರಿನ ಬಿಸಿ ಸೇರಿದ ಕೂಡಲೇ ತಾಳುತ್ತಿಲ್ಲ. ಮುಳ್ಳು ಮೇಲೇಳುವುದೇ ಇಲ್ಲ, ಹೀಟರ್ ಉಗುರುಬೆಚ್ಚಗೆ ಮಾತ್ರ ಅಂದರೆ ಥರ್ಮೋಸ್ಟಾಟ್ ತೆರೆದೇ ನಿಂತಿದೆ.

ಮುಳ್ಳೇ ಸುಳ್ಳು ಹೇಳುತ್ತಿರಬಹುದು ಅನ್ನುವುದೂ ನೆನಪಿರಲಿ. ಕೆಂಪು ತೋರಿಸುತ್ತಿದೆ, ಆದರೆ ಹಬೆಯಿಲ್ಲ, ವಾಸನೆಯಿಲ್ಲ, ಎಂಜಿನ್ ಆರಾಮಾಗಿದೆ ಅಂದರೆ ಮೀಟರಿನ ಸೆನ್ಸರ್ ಅಥವಾ ಅದರ ತಂತಿ ಕೆಟ್ಟಿರಬಹುದು. ಮುಟ್ಟದೆ ದೂರದಿಂದಲೇ ಬಿಸಿ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ದರೆ ಥರ್ಮೋಸ್ಟಾಟ್ ಕೂತಿರುವ ಜಾಗಕ್ಕೆ ಹಿಡಿದು ಅಳೆಯಿರಿ. ಅದು ಸಿಗುವ ತನಕ ಮುಳ್ಳನ್ನೇ ನಂಬಿ, ಕಾರು ನಿಲ್ಲಿಸಿ.

3. ಫ್ಯಾನ್

ಎಲೆಕ್ಟ್ರಿಕ್ ಫ್ಯಾನ್ ಇರುವ ಹೆಚ್ಚಿನ ಕಾರುಗಳಲ್ಲಿ ಏಸಿ ಹಾಕಿದರೆ ಫ್ಯಾನ್ ತಿರುಗಲೇಬೇಕು, ಪರೀಕ್ಷೆಗೆ ಇದಕ್ಕಿಂತ ಸುಲಭದ ದಾರಿಯಿಲ್ಲ. ತಿರುಗಲಿಲ್ಲವಾ? ಮೊದಲು ಫ್ಯೂಸ್, ಆಮೇಲೆ ರಿಲೇ. ರಿಲೇ ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ಪುಟ್ಟ ಡಬ್ಬಿ. ಅದೇ ಪೆಟ್ಟಿಗೆಯಲ್ಲಿ ಅದೇ ನಂಬರಿನ ಇನ್ನೊಂದು ರಿಲೇ ಇದ್ದರೆ ಅದಲುಬದಲು ಮಾಡಿ ನೋಡಬಹುದು. ಆಗಲೂ ತಿರುಗದಿದ್ದರೆ ಫ್ಯಾನಿನ ಕನೆಕ್ಟರ್ ಬಿಚ್ಚಿ, ಮಧ್ಯೆ ಫ್ಯೂಸ್ ಹಾಕಿದ ತಂತಿಯಿಂದ ಬ್ಯಾಟರಿಯ ಕರೆಂಟ್ ನೇರ ಕೊಡಿ. ತಿರುಗಿತು ಅಂದರೆ ಮೋಟರ್ ಸರಿಯಿದೆ, ದೋಷ ಅದನ್ನು ಆನ್ ಮಾಡುವ ಸ್ವಿಚ್ಚಿನಲ್ಲೋ ತಂತಿಯಲ್ಲೋ ಇದೆ. ಮೋಟರ್ ಬದಲಿಸಿದ ಮೇಲೆ ಗಾಳಿ ಯಾವ ಕಡೆ ಹೋಗುತ್ತಿದೆ ಅಂತ ಒಂದು ಕಾಗದ ಹಿಡಿದು ನೋಡಿ. ತಂತಿ ಉಲ್ಟಾ ಕೂತರೆ ಫ್ಯಾನ್ ಉಲ್ಟಾ ತಿರುಗಿ ಎದುರುಗಾಳಿಯನ್ನೇ ತಡೆಯುತ್ತದೆ.

ಎಂಜಿನ್ನಿಗೇ ಜೋಡಿಸಿದ ಫ್ಯಾನ್ ಆದರೆ ಅದರ ನಡುವೆ ಒಂದು ವಿಸ್ಕಸ್ ಕಪ್ಲಿಂಗ್ ಇರಬಹುದು, ಒಳಗೆ ಸಿಲಿಕೋನ್ ಎಣ್ಣೆ ತುಂಬಿದ ಕ್ಲಚ್ ಅದು. ಎಂಜಿನ್ ಆಫ್ ಮಾಡಿ ಕೈಯಿಂದ ತಿರುಗಿಸಿದಾಗ ಸ್ವಲ್ಪ ಬಿಗಿ ಸಿಗಬೇಕು. ತಳ್ಳಿ ಬಿಟ್ಟರೆ ಸುಮ್ನೆ ನಾಲ್ಕೈದು ಸುತ್ತು ತಿರುಗಿದರೆ ಕಪ್ಲಿಂಗ್ ಮುಗಿದಿದೆ.

ಎಚ್ಚರ: ಎಲೆಕ್ಟ್ರಿಕ್ ಫ್ಯಾನ್ ಎಂಜಿನ್ ಆಫ್ ಆದ ಮೇಲೂ ತಾನಾಗಿ ತಿರುಗಬಹುದು. ಕೈ ಹಾಕುವ ಮೊದಲು ಕನೆಕ್ಟರ್ ಬಿಚ್ಚಿ.

4. ಥರ್ಮೋಸ್ಟಾಟ್

ಎಂಜಿನ್ ಬಿಸಿಯಾಗುವ ತನಕ ಕೂಲೆಂಟನ್ನು ರೇಡಿಯೇಟರ್‌ಗೆ ಬಿಡದೆ ತಡೆಯುವ ಬಾಗಿಲು ಇದು. ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಿ ರೇಡಿಯೇಟರಿನ ಮೇಲಿನ ಹೋಸ್ ಮುಟ್ಟಿ. ಕೆಲವು ನಿಮಿಷ ತಣ್ಣಗೇ ಇರಬೇಕು, ಆಮೇಲೆ ಮುಳ್ಳು ನಡುಮಟ್ಟಕ್ಕೆ ಬರುವಾಗ ಬೇಗ ಬಿಸಿಯಾಗಬೇಕು. ಶುರುವಿನಿಂದಲೇ ಮೆಲ್ಲಗೆ ಬೆಚ್ಚಗಾಗುತ್ತಾ ಹೋದರೆ ಬಾಗಿಲು ತೆರೆದೇ ಇದೆ. ಮುಳ್ಳು ಕೆಂಪು ಮುಟ್ಟಿದರೂ ಹೋಸ್ ತಣ್ಣಗಿದ್ದರೆ ಮುಚ್ಚಿಕೊಂಡಿದೆ. ಕೆಲವು ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ಕೆಳಗಿನ ಹೋಸ್ ಕಡೆ ಇರುತ್ತದೆ, ಅಲ್ಲಿ ಕೆಳಗಿನದನ್ನು ಮುಟ್ಟಿ ನೋಡಬೇಕು.

ಬಿಚ್ಚಿದ್ದೇ ಆದರೆ ಪರೀಕ್ಷಿಸದೆ ಬಿಸಾಕಬೇಡಿ. ಅದರ ಮೈಮೇಲೆ ಒಂದು ಸಂಖ್ಯೆ ಕೊರೆದಿರುತ್ತದೆ, 82 ಅಥವಾ 88 ಅಂತ. ತೆರೆಯಲು ಶುರುವಾಗುವ ಡಿಗ್ರಿ ಅದು. ಹಳೇ ಪಾತ್ರೆಯಲ್ಲಿ ನೀರಿಟ್ಟು, ಥರ್ಮೋಸ್ಟಾಟಿನ ಬಾಗಿಲ ಸಂದಿಗೆ ದಾರ ಸಿಕ್ಕಿಸಿ ನೀರಿನೊಳಗೆ ಇಳಿಬಿಡಿ. ತಳ ಮುಟ್ಟಬಾರದು, ತಳ ನೀರಿಗಿಂತ ಬಿಸಿ. ಪಕ್ಕದಲ್ಲಿ ಥರ್ಮಾಮೀಟರ್. ಮೆಲ್ಲಗೆ ಕಾಯಿಸಿ. ಸಂಖ್ಯೆಯ ಹತ್ತಿರ ಬಂದಾಗ ಬಾಗಿಲು ಕೂದಲೆಳೆಯಷ್ಟು ಬಿಡುತ್ತದೆ, ದಾರ ಜಾರಿ ಥರ್ಮೋಸ್ಟಾಟ್ ತಳಕ್ಕೆ ಬೀಳುತ್ತದೆ. ಆ ಕ್ಷಣದ ಡಿಗ್ರಿ ಬರೆದುಕೊಳ್ಳಿ. ಇನ್ನೂ ಹತ್ತು ಹದಿನೈದು ಡಿಗ್ರಿ ಏರುವಷ್ಟರಲ್ಲಿ ಪೂರ್ತಿ ತೆರೆಯಬೇಕು, ಹೊರತೆಗೆದು ತಣ್ಣಗಾದ ಮೇಲೆ ಬೆಳಕು ಕಾಣದಂತೆ ಮುಚ್ಚಿಕೊಳ್ಳಬೇಕು. ಈ ಪಾತ್ರೆಯನ್ನು ಮತ್ತೆ ಅಡುಗೆಗೆ ಬಳಸಬೇಡಿ.

ಥರ್ಮೋಸ್ಟಾಟ್ ಕಿತ್ತೇ ಬಿಡಿ, ಹೀಟ್ ಆಗುವುದೇ ಇಲ್ಲ ಅನ್ನುವ ಸಲಹೆ ಎಲ್ಲ ಕಡೆಯೂ ಸಿಗುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಎಂಜಿನ್ ಸರಿಯಾದ ಬಿಸಿಗೆ ಬರುವುದೇ ಇಲ್ಲ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಬೇಗ ಸವೆಯುತ್ತದೆ, ಹೀಟರ್ ಕೆಲಸಕ್ಕೆ ಬಾರದು. ಕೆಲವು ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ತೆರೆಯುವಾಗಲೇ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಅಲ್ಲಿ ಅದನ್ನು ಕಿತ್ತರೆ ಕೂಲೆಂಟ್ ರೇಡಿಯೇಟರ್‌ಗೆ ಹೋಗದೆ ಅಡ್ಡದಾರಿಯಲ್ಲೇ ಸುತ್ತಿ ಇನ್ನೂ ಜಾಸ್ತಿ ಬಿಸಿಯಾಗುತ್ತದೆ.

5. ರೇಡಿಯೇಟರ್ ಮತ್ತು ಸಿಕ್ಕಿಕೊಂಡ ಗಾಳಿ

ಹೊರಗಿನಿಂದ ನೋಡಿದರೆ ರೇಡಿಯೇಟರ್ ಕ್ಲೀನಾಗಿ ಕಾಣಬಹುದು, ಆದರೆ ಕಸ ಕೂತಿರುವುದು ಅದಕ್ಕೂ ಕಂಡೆನ್ಸರಿಗೂ ನಡುವೆ. ಟಾರ್ಚ್ ಬಿಟ್ಟು ಆ ಸಂದಿ ನೋಡಿ. ನೀರನ್ನು ಎಂಜಿನ್ ಕಡೆಯಿಂದ ಹೊರಗಡೆಗೆ, ಮೆಲ್ಲಗೆ ಬಿಡಿ. ಪ್ರೆಶರ್ ವಾಶ್ ಹತ್ತಿರದಿಂದ ಹಿಡಿದರೆ ತೆಳ್ಳನೆ ರೆಕ್ಕೆಗಳೆಲ್ಲ ಮಡಚಿಕೊಂಡು ಗಾಳಿ ಹೋಗುವ ದಾರಿಯೇ ಮುಚ್ಚುತ್ತದೆ.

ಒಳಗಿನ ಕಟ್ಟು ಕಣ್ಣಿಗೆ ಕಾಣುವುದಿಲ್ಲ. ಬಿಸಿಯಾದ ಎಂಜಿನ್ ಆಫ್ ಮಾಡಿ, ಫ್ಯಾನ್ ಕನೆಕ್ಟರ್ ಬಿಚ್ಚಿ, ಇನ್‌ಫ್ರಾರೆಡ್ ಥರ್ಮಾಮೀಟರನ್ನು ರೇಡಿಯೇಟರ್ ಮೇಲೆಲ್ಲ ಆಡಿಸಿ. ಕೂಲೆಂಟ್ ಒಳಗೆ ಬರುವ ಕಡೆಯಿಂದ ಹೊರಹೋಗುವ ಕಡೆಗೆ ಬಿಸಿ ಸಮನಾಗಿ ಇಳಿಯುತ್ತಾ ಹೋಗಬೇಕು. ನಡುವೆ ಒಂದು ತಣ್ಣನೆ ತೇಪೆ ಸಿಕ್ಕಿದರೆ ಅಲ್ಲಿ ನಾಳ ಮುಚ್ಚಿದೆ. ಇನ್ನೊಂದು ಪರೀಕ್ಷೆ: ಯಾರಿಗಾದರೂ ಆಕ್ಸಿಲರೇಟರ್ ಒತ್ತಲು ಹೇಳಿ ಕೆಳಗಿನ ಹೋಸ್ ನೋಡಿ. ಪಂಪಿನ ಎಳೆತಕ್ಕೆ ಅದು ಚಪ್ಪಟೆಯಾದರೆ ಹೋಸ್ ಸತ್ವ ಕಳೆದುಕೊಂಡಿದೆ, ಅಥವಾ ರೇಡಿಯೇಟರ್ ಕಟ್ಟಿದೆ.

ಕೂಲೆಂಟ್ ಬದಲಿಸಿದ ಮೇಲೆಯೇ ಹೀಟ್ ಶುರುವಾಯಿತು ಅನ್ನುವವರಿಗೆ ಹೆಚ್ಚಾಗಿ ಆಗಿರುವುದು ಏರ್ ಲಾಕ್. ಒಳಗೆ ಗಾಳಿಗುಳ್ಳೆ ಸಿಕ್ಕಿಕೊಂಡು ಹರಿವು ನಿಂತಿದೆ. ತಣ್ಣನೆಯ ಕಾರನ್ನು ಮೂತಿ ಮೇಲಿರುವಂತೆ ಇಳಿಜಾರಿನಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು ಚಕ್ರಕ್ಕೆ ಅಡ್ಡ ಕೊಡಿ. ಕ್ಯಾಪ್ ತೆಗೆದೇ ಸ್ಟಾರ್ಟ್ ಮಾಡಿ, ಹೀಟರ್ ಪೂರ್ತಿ ಬಿಸಿಗಿಡಿ. ಗುಳ್ಳೆ ಬಂದ ಹಾಗೆ ಮಟ್ಟ ಇಳಿಯುತ್ತದೆ, ಇಳಿದಷ್ಟು ತುಂಬಿಸಿ. ಥರ್ಮೋಸ್ಟಾಟ್ ತೆರೆದು ಗುಳ್ಳೆ ನಿಂತ ಮೇಲೆ ಕ್ಯಾಪ್ ಹಾಕಿ. ಕೂಲೆಂಟ್ ಉಕ್ಕಲು ಶುರುವಾದರೆ ಕೂಡಲೇ ಆಫ್ ಮಾಡಿ ದೂರ ಸರಿಯಿರಿ. ಗಾಳಿ ಬಿಡುವ ಬ್ಲೀಡ್ ಸ್ಕ್ರೂ ನಿಮ್ಮ ಕಾರಿನಲ್ಲಿದ್ದರೆ ಮ್ಯಾನ್ಯುಯಲ್ ಹೇಳಿದ ಕ್ರಮವನ್ನೇ ಹಿಡಿಯಿರಿ.

6. ಹೆಡ್ ಗ್ಯಾಸ್ಕೆಟ್ ಹೋಗಿದೆಯಾ?

ಎಲ್ಲರೂ ಹೆದರುವುದು ಇದಕ್ಕೇ. ಬ್ಲಾಕ್ ಮತ್ತು ಹೆಡ್ ನಡುವಿನ ಈ ಪದರ ಸುಟ್ಟರೆ ಸಿಲಿಂಡರಿನ ಬೆಂಕಿ, ಕೂಲೆಂಟ್, ಆಯಿಲ್ ಒಂದಕ್ಕೊಂದು ಸೇರುತ್ತವೆ. ಸೋರಿಕೆ ಎಲ್ಲೂ ಕಾಣದೆ ಕೂಲೆಂಟ್ ಕಡಿಮೆಯಾಗುವುದು, ಬಿಸಿಯಾದ ಮೇಲೂ ಸೈಲೆನ್ಸರಿನಿಂದ ಸಿಹಿ ವಾಸನೆಯ ಬಿಳಿ ಹೊಗೆ ನಿಲ್ಲದಿರುವುದು, ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷದಲ್ಲೇ ಮೇಲಿನ ಹೋಸ್ ಕಲ್ಲಿನಂತೆ ಗಟ್ಟಿಯಾಗುವುದು, ರೇಡಿಯೇಟರ್ ಬಾಯಲ್ಲಿ ನಿಲ್ಲದ ಗುಳ್ಳೆ, ಇವು ಅದರ ಲಕ್ಷಣಗಳು. ಒಂದೇ ಲಕ್ಷಣ ನೋಡಿ ತೀರ್ಮಾನ ಬೇಡ. ಆಯಿಲ್ ಕ್ಯಾಪಿನ ಕೆಳಗೆ ಹಾಲಿನಂಥ ಕೆನೆ ಕಂಡರೆ ಅದು ಚಳಿಯಲ್ಲಿ ಬರೀ ಸಣ್ಣ ದೂರ ಓಡಿಸಿದ್ದರಿಂದ ಕಟ್ಟಿದ ತೇವವೂ ಇರಬಹುದು. ಡಿಪ್‌ಸ್ಟಿಕ್ಕಿನಲ್ಲೂ ಅದೇ ಕೆನೆ ಇದ್ದರೆ ಮಾತ್ರ ಗಾಬರಿ ಆಗಬೇಕು. ಆಗ ಎಂಜಿನ್ ಸ್ಟಾರ್ಟ್ ಮಾಡಬೇಡಿ, ಕಾರನ್ನು ಎಳೆಸಿಕೊಂಡು ಹೋಗಿ.

ಖಚಿತ ಮಾಡಿಕೊಳ್ಳಲು ಗ್ಯಾರೇಜಿನಲ್ಲಿ ಬ್ಲಾಕ್ ಟೆಸ್ಟ್ ಮಾಡಿಸಿ. ರೇಡಿಯೇಟರ್ ಬಾಯಿಯ ಗಾಳಿಯನ್ನು ನೀಲಿ ದ್ರವದ ಮೂಲಕ ಎಳೆಯುತ್ತಾರೆ, ಸುಟ್ಟ ಗ್ಯಾಸ್ ಇದ್ದರೆ ಪೆಟ್ರೋಲ್ ಕಾರಿನಲ್ಲಿ ಅದು ಹಳದಿಗೆ ತಿರುಗುತ್ತದೆ. ಹೆಡ್ ಬಿಚ್ಚುವ ದೊಡ್ಡ ಕೆಲಸಕ್ಕೆ ಮೊದಲು ಈ ಸಣ್ಣ ಪರೀಕ್ಷೆ ಕೇಳಿಯೇ ಮಾಡಿಸಿಕೊಳ್ಳಿ. ಸೋರಿಕೆ ನಿಲ್ಲಿಸುವ ಪುಡಿ, ದ್ರಾವಣ ಸುರಿಯುವುದು ನನಗೆ ಇಷ್ಟವಿಲ್ಲ. ಸೋರುವ ತೂತಿನ ಜೊತೆ ಹೀಟರಿನ ಸಣ್ಣ ನಾಳಗಳನ್ನೂ ಅದು ಮುಚ್ಚಬಹುದು.

7. ಹೀಟರ್‌ನಲ್ಲಿ ತಣ್ಣನೆ ಗಾಳಿ

ಮೊದಲು ಕೂಲೆಂಟ್ ಮಟ್ಟ. ಹೀಟರ್ ಹೆಚ್ಚಾಗಿ ಮೇಲ್ಮಟ್ಟದಲ್ಲಿರುತ್ತದೆ, ಹಾಗಾಗಿ ಕೂಲೆಂಟ್ ಕಡಿಮೆಯಾದರೆ ಮೊದಲು ಗೊತ್ತಾಗುವುದು ಅಲ್ಲೇ. ಮಟ್ಟ ಸರಿಯಿದ್ದರೆ, ಎಂಜಿನ್ ಬಿಸಿಯಾದ ಮೇಲೆ ಎಂಜಿನ್ನಿನಿಂದ ಕ್ಯಾಬಿನ್ ಗೋಡೆಯೊಳಗೆ ಹೋಗುವ ಎರಡು ಹೋಸ್‌ಗಳನ್ನು ಗ್ಲೌಸ್ ಹಾಕಿ ಮುಟ್ಟಿ. ಎರಡೂ ಬಿಸಿ: ಬಿಸಿ ನೀರು ಬರುತ್ತಿದೆ, ಆದರೆ ಒಳಗೆ ಗಾಳಿಯನ್ನು ತಿರುಗಿಸುವ ಬ್ಲೆಂಡ್ ಡೋರ್ ಅಲುಗುತ್ತಿಲ್ಲ, ಅದರ ಕೇಬಲ್ ಅಥವಾ ಮೋಟರ್ ನೋಡಿ. ಒಂದು ಬಿಸಿ, ಇನ್ನೊಂದು ತಣ್ಣಗೆ: ಹೀಟರ್ ಕೋರ್ (ಹೀಟರಿನೊಳಗಿನ ಸಣ್ಣ ರೇಡಿಯೇಟರ್) ಕಟ್ಟಿದೆ ಅಥವಾ ಹೀಟರ್ ವಾಲ್ವ್ ಮುಚ್ಚಿದೆ. ಎರಡೂ ಉಗುರುಬೆಚ್ಚಗೆ: ನಾಲ್ಕನೇ ಹಂತಕ್ಕೆ ಹೋಗಿ, ಥರ್ಮೋಸ್ಟಾಟ್ ತೆರೆದೇ ಇರಬೇಕು.

ಗಾಜಿನ ಒಳಗೆ ಎಣ್ಣೆಯಂಥ ಮಂಜು, ಸಿಹಿ ವಾಸನೆ, ಮುಂದಿನ ಮ್ಯಾಟ್ ಕೆಳಗೆ ಅಂಟಂಟು ತೇವ, ಇವು ಕಂಡರೆ ಹೀಟರ್ ಕೋರೇ ಸೋರುತ್ತಿದೆ. ಅದೇ ಜಾಗದಲ್ಲಿ ಬರೀ ನೀರು ಇದ್ದು, ಏಸಿ ಹಾಕಿದಾಗಲೇ ಬಂದರೆ ಏಸಿಯ ನೀರು ಹೊರಹೋಗುವ ಪೈಪ್ ಮುಚ್ಚಿದೆ ಅಷ್ಟೇ.

8. ಏಸಿ ತಣ್ಣಗಾಗುತ್ತಿಲ್ಲ

ಗಾಳಿಯೇ ಕಡಿಮೆ ಬರುತ್ತಿದ್ದರೆ ಕ್ಯಾಬಿನ್ ಫಿಲ್ಟರ್ ತೆಗೆದು ನೋಡಿ. ಗಾಳಿ ಚೆನ್ನಾಗಿದ್ದು ತಂಪಿಲ್ಲದಿದ್ದರೆ ಬಾನೆಟ್ ಎತ್ತಿ, ಒಬ್ಬರು ಒಳಗೆ ಕೂತು ಏಸಿ ಒತ್ತಲಿ. ಏಸಿ ಗ್ಯಾಸನ್ನು ಒತ್ತುವ ಕಂಪ್ರೆಸರಿನ ಮುಂದಿನ ಕ್ಲಚ್ ಟಕ್ ಅಂತ ಹಿಡಿಯಬೇಕು. ಹಿಡಿಯದಿದ್ದರೆ ಫ್ಯೂಸ್, ರಿಲೇ, ಇಲ್ಲವೇ ಗ್ಯಾಸ್ ಕಡಿಮೆಯಾಗಿ ಪ್ರೆಶರ್ ಸ್ವಿಚ್ ತಡೆಯುತ್ತಿದೆ. ಕೆಲವು ಕಾರುಗಳಲ್ಲಿ ಎಂಜಿನ್ ತೀರಾ ಬಿಸಿಯಾದರೂ ಏಸಿ ತಾನಾಗಿ ಕಟ್ ಆಗುತ್ತದೆ, ಹಾಗಾಗಿ ಏಸಿ ದೂರಿಗೆ ಮೊದಲು ಮುಳ್ಳು ನೋಡಿ.

ಕ್ಲಚ್ ಹಿಡಿದ ಕೆಲವು ನಿಮಿಷದ ಮೇಲೆ ಎರಡು ಪೈಪ್ ನೋಡಿ. ದಪ್ಪದ್ದು ತಣ್ಣಗಾಗಿ ಬೆವರಬೇಕು, ತೆಳ್ಳನೆಯದು ಬೆಚ್ಚಗಿರಬೇಕು. ಎರಡರಲ್ಲೂ ವ್ಯತ್ಯಾಸವೇ ಇಲ್ಲದಿದ್ದರೆ ಗ್ಯಾಸ್ ಇಲ್ಲ ಅಥವಾ ಕಂಪ್ರೆಸರ್ ಒತ್ತುತ್ತಿಲ್ಲ. ಓಡುವಾಗ ತಂಪು, ನಿಂತಾಗ ಬಿಸಿ ಗಾಳಿ ಅಂದರೆ ಮತ್ತೆ ಫ್ಯಾನ್ ಮತ್ತು ಕಂಡೆನ್ಸರಿನ ಕಸ. ಶುರುವಿಗೆ ತಂಪಿದ್ದು ಅರ್ಧ ಗಂಟೆಯಲ್ಲಿ ಗಾಳಿಯೇ ಕಡಿಮೆಯಾದರೆ ಒಳಗಿನ ಕಾಯಿಲ್ ಮೇಲೆ ಮಂಜುಗಡ್ಡೆ ಕಟ್ಟುತ್ತಿದೆ. ಏಸಿ ಆಫ್ ಮಾಡಿ ಬ್ಲೋವರ್ ಮಾತ್ರ ಓಡಿಸಿದರೆ ಕರಗುತ್ತದೆ, ಆದರೆ ಕಾರಣ ಹುಡುಕಿಸಬೇಕು.

ಗ್ಯಾಸ್ ಪೆಟ್ರೋಲಿನ ಹಾಗೆ ಖರ್ಚಾಗುವುದಲ್ಲ, ಮುಚ್ಚಿದ ಕೊಳವೆಯಲ್ಲಿ ಸುತ್ತುತ್ತಿರುತ್ತದೆ. ಹಲವು ವರ್ಷಗಳಲ್ಲಿ ರಬ್ಬರ್ ಪೈಪುಗಳ ಮೂಲಕ ಸ್ವಲ್ಪ ಹೋಗಬಹುದು, ಆದರೆ ಪ್ರತಿ ವರ್ಷ ತುಂಬಿಸಬೇಕಾಗುತ್ತಿದ್ದರೆ ಸೋರಿಕೆ ಇದೆ. ತುಂಬಿಸುವ ಮೊದಲು ಅದನ್ನು ಹುಡುಕಿಸಿ, ಯುವಿ ಡೈ ಹಾಕಿ ವಿಶೇಷ ಬೆಳಕಿನಲ್ಲಿ ನೋಡಿದರೆ ಸೋರುವ ಜಾಗ ಹೊಳೆಯುತ್ತದೆ. 1990ರ ದಶಕದ ಮೊದಲಿನ ಕಾರುಗಳಲ್ಲಿ ಆರ್-12 ಗ್ಯಾಸ್ ಇತ್ತು. ಓಜೋನ್ ಪದರಕ್ಕೆ ಹಾನಿ ಅಂತ 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಅದನ್ನು ಕೈಬಿಟ್ಟು ಆರ್-134ಎ ತಂದರು. ಎರಡಕ್ಕೂ ಬೇಕಾದ ಎಣ್ಣೆ ಬೇರೆ, ಹಾಗಾಗಿ ಒಂದರ ಜಾಗಕ್ಕೆ ಇನ್ನೊಂದನ್ನು ಸುಮ್ನೆ ತುಂಬಿಸುವಂತಿಲ್ಲ. ಗ್ಯಾಸ್ ಕೆಲಸವನ್ನು ನೀವೇ ಮಾಡಲು ಹೋಗಬೇಡಿ. ದ್ರವ ಚರ್ಮಕ್ಕೆ ತಾಗಿದರೆ ಹೆಪ್ಪುಗಟ್ಟಿಸುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ.

9. ಎಂಜಿನ್: ಸ್ಟಾರ್ಟ್ ಆಗದು, ನಡುಗುವುದು, ಮಿಸ್ಸಿಂಗ್

ಕೀ ತಿರುಗಿಸಿದರೆ ಬರೀ ಟಕ್ ಟಕ್ ಶಬ್ದ ಬಂದರೆ ಬ್ಯಾಟರಿ ಅಳೆಯಿರಿ. ರಾತ್ರಿಯಿಡೀ ನಿಂತ ಕಾರಿನಲ್ಲಿ 12.6 ವೋಲ್ಟ್ ಇದ್ದರೆ ತುಂಬಿದೆ, 12.2 ಅಂದರೆ ಸುಮಾರು ಅರ್ಧ, 12ಕ್ಕಿಂತ ಕೆಳಗೆ ಖಾಲಿ. ಎಂಜಿನ್ ಓಡುವಾಗ 13.8ರಿಂದ 14.5 ಬರಬೇಕು, ಬರದಿದ್ದರೆ ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿಲ್ಲ. ಬ್ಯಾಟರಿ ಸರಿಯಿದ್ದೂ ಸ್ಟಾರ್ಟ್ ಆಗದಿದ್ದರೆ ಟರ್ಮಿನಲ್ ಮತ್ತು ಎಂಜಿನ್ನಿಗೆ ಹೋಗುವ ಅರ್ತ್ ತಂತಿ ಬಿಚ್ಚಿ, ಉಜ್ಜಿ, ಬಿಗಿ ಮಾಡಿ. ಹಳೇ ಕಾರಿನ ಎಷ್ಟೋ ವಿಚಿತ್ರ ತೊಂದರೆಗಳು, ಟೆಂಪರೇಚರ್ ಮುಳ್ಳು ಕುಣಿಯುವುದೂ ಸೇರಿ, ಕೆಟ್ಟ ಅರ್ತ್‌ನಿಂದ ಬರುತ್ತವೆ.

ಎಂಜಿನ್ ಚೆನ್ನಾಗಿ ತಿರುಗುತ್ತದೆ, ಆದರೆ ಹಿಡಿಯುತ್ತಿಲ್ಲ ಅಂದರೆ ಒಂದೋ ಕಿಡಿ ಇಲ್ಲ, ಇಲ್ಲವೇ ಪೆಟ್ರೋಲ್ ಬರುತ್ತಿಲ್ಲ. ಇಂಜೆಕ್ಷನ್ ಕಾರಿನಲ್ಲಿ ಕೀ ಆನ್ ಮಾಡಿದಾಗ ಟ್ಯಾಂಕ್ ಕಡೆಯಿಂದ ಒಂದೆರಡು ಸೆಕೆಂಡ್ ಪಂಪಿನ ಗುಂಯ್ ಅನ್ನುವ ಶಬ್ದ ಕೇಳಬೇಕು. ತಣ್ಣಗಿದ್ದಾಗ ಸ್ಟಾರ್ಟ್ ಆಗಿ, ಬಿಸಿಯಾದ ಮೇಲೆ ನಿಂತು, ತಣ್ಣಗಾದ ಮೇಲೆ ಮತ್ತೆ ಸ್ಟಾರ್ಟ್ ಆದರೆ ಎಂಜಿನ್ ತಿರುಗುವುದನ್ನು ಗಮನಿಸುವ ಕ್ರ್ಯಾಂಕ್ ಸೆನ್ಸರ್ ಅಥವಾ ಕಿಡಿಗೆ ಕರೆಂಟ್ ಕೊಡುವ ಇಗ್ನಿಷನ್ ಕಾಯಿಲ್ ಮೇಲೆ ಅನುಮಾನ ಪಡಿ. ಬಿಸಿ ಎಂಜಿನ್ ಕಷ್ಟಪಟ್ಟು ಹಿಡಿದು, ಕಪ್ಪು ಹೊಗೆ ಬಿಟ್ಟು, ಪೆಟ್ರೋಲ್ ಕುಡಿಯುತ್ತಿದ್ದರೆ ಕೂಲೆಂಟ್ ಟೆಂಪರೇಚರ್ ಸೆನ್ಸರ್ ನೋಡಿ. ಎಂಜಿನ್ ಇನ್ನೂ ತಣ್ಣಗಿದೆ ಅಂತ ಅದು ತಪ್ಪು ಸುದ್ದಿ ಕೊಡುತ್ತಿದ್ದರೆ ಕಂಪ್ಯೂಟರ್ ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ. ಮೀಟರಿನ ಮುಳ್ಳಿಗೆ ಬೇರೆ ಸೆನ್ಸರ್ ಇರಬಹುದು, ಆದ್ದರಿಂದ ಮುಳ್ಳು ಸರಿಯಿದೆ ಅಂತ ಇದನ್ನು ಬಿಡಬೇಡಿ.

ಐಡ್ಲಿಂಗ್ (ಕಾರು ನಿಂತಲ್ಲೇ ಎಂಜಿನ್ ಓಡುವ ವೇಗ) ಏರುಪೇರಾಗುತ್ತಿದ್ದರೆ ಎಂಜಿನ್ನಿನ ಎಳೆತಕ್ಕೆ ಜೋಡಿಸಿದ ವ್ಯಾಕ್ಯೂಮ್ ಪೈಪುಗಳಲ್ಲಿ ಬಿರುಕು ಹುಡುಕಿ. ಎರಡು ಅಡಿ ರಬ್ಬರ್ ಪೈಪಿನ ಒಂದು ತುದಿ ಕಿವಿಗೆ ಹಿಡಿದು, ತಿರುಗುವ ಬೆಲ್ಟ್, ಫ್ಯಾನ್ ಕಡೆ ಹೋಗದಂತೆ ನೋಡಿಕೊಂಡು, ಇನ್ನೊಂದು ತುದಿಯನ್ನು ಎಂಜಿನ್ ಗಾಳಿ ಎಳೆದುಕೊಳ್ಳುವ ಇನ್‌ಟೇಕ್ ಸುತ್ತ ಆಡಿಸಿ. ಗಾಳಿ ಎಳೆಯುವ ಜಾಗದಲ್ಲಿ ಸುಯ್ ಅನ್ನುವುದು ಸ್ಪಷ್ಟವಾಗಿ ಕೇಳುತ್ತದೆ. ಬಿಸಿ ಎಂಜಿನ್ ಮೇಲೆ ಸ್ಪ್ರೇ ಹೊಡೆದು ಹುಡುಕುವವರಿದ್ದಾರೆ, ಬೆಂಕಿ ಹತ್ತುವ ಅಪಾಯವಿರುವುದರಿಂದ ನಾನು ಅದನ್ನು ಹೇಳುವುದಿಲ್ಲ.

ಒಂದೇ ಲಯದಲ್ಲಿ ಧಕ್ ಧಕ್ ಅಂತ ನಡುಗಿದರೆ ಯಾವುದೋ ಒಂದು ಸಿಲಿಂಡರ್ ಕೆಲಸ ಮಾಡುತ್ತಿಲ್ಲ, ಮಿಸ್ಸಿಂಗ್ ಅನ್ನುವುದು ಇದನ್ನೇ. ಕಿಡಿ ಹೊಡೆಯುವ ಪ್ಲಗ್‌ಗಳನ್ನು ಬಿಚ್ಚಿ, ಯಾವುದು ಯಾವ ಸಿಲಿಂಡರಿನದ್ದು ಅಂತ ಸಾಲಾಗಿ ಇಡಿ. ತಿಳಿ ಕಂದು ಬಣ್ಣ ಇದ್ದರೆ ಆರೋಗ್ಯ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ. ಎಣ್ಣೆಯಲ್ಲಿ ಅದ್ದಿದಂತಿದ್ದರೆ ಆಯಿಲ್ ಒಳಗೆ ಬರುತ್ತಿದೆ. ಬಿಳಿಚಿಕೊಂಡು ಗುಳ್ಳೆ ಎದ್ದಿದ್ದರೆ ತೀರಾ ಬಿಸಿ. ಒಂದು ಪ್ಲಗ್ ಮಾತ್ರ ತೊಳೆದಂತೆ ಫಳಫಳ ಇದ್ದರೆ ಆ ಸಿಲಿಂಡರಿಗೆ ಕೂಲೆಂಟ್ ಹೋಗುತ್ತಿರಬಹುದು, ಆರನೇ ಹಂತಕ್ಕೆ ವಾಪಸ್ ಹೋಗಿ. ಪ್ಲಗ್‌ಗೊಂದು ಕಾಯಿಲ್ ಇರುವ ಕಾರಾದರೆ ಎರಡು ಸಿಲಿಂಡರಿನ ಕಾಯಿಲ್ ಅದಲುಬದಲು ಮಾಡಿ. ಮಿಸ್ಸಿಂಗ್ ಕಾಯಿಲ್ ಜೊತೆಗೇ ಹೋದರೆ ದೋಷ ಕಾಯಿಲಿನದ್ದೇ. ಚೆಕ್ ಎಂಜಿನ್ ಲೈಟ್ ಮಿಟುಕುತ್ತಿದ್ದರೆ ಓಡಿಸಬೇಡಿ, ಸುಡದ ಪೆಟ್ರೋಲ್ ಹೊಗೆಯನ್ನು ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಟ್ಟುಹಾಕುತ್ತದೆ.

ಸ್ಕ್ಯಾನರ್ ಹಾಕುವ ಒಬಿಡಿ ಸಾಕೆಟ್ ಇದ್ದರೆ ಕಾರಿನ ಕಂಪ್ಯೂಟರ್ ದಾಖಲಿಸಿದ ದೋಷದ ಕೋಡ್ ಓದಿ. ಪಿ0128 ಅಂದರೆ ಎಂಜಿನ್ ಬೇಕಾದಷ್ಟು ಬಿಸಿಯಾಗುತ್ತಿಲ್ಲ, ಪಿ0300 ಅಂದರೆ ಹಲವು ಸಿಲಿಂಡರಿನಲ್ಲಿ ಮಿಸ್ಸಿಂಗ್, ಪಿ0171 ಅಂದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ. ಕೋಡ್ ಹೇಳುವುದು ಎಲ್ಲಿ ನೋವು ಅನ್ನುವುದನ್ನು, ಯಾವ ಭಾಗ ಬದಲಿಸಬೇಕು ಅನ್ನುವುದನ್ನಲ್ಲ.

ಇಷ್ಟೆಲ್ಲ ನೋಡಿದರೂ ಶಕ್ತಿ ಇಲ್ಲ, ನೀಲಿ ಹೊಗೆ ಬರುತ್ತಿದೆ ಅಂದರೆ ಕಂಪ್ರೆಷನ್ ಟೆಸ್ಟ್ ಮಾಡಿಸಿ. ಎಲ್ಲ ಸಿಲಿಂಡರಿನ ಒತ್ತಡವೂ ಹತ್ತಿರ ಹತ್ತಿರ ಇರಬೇಕು. ಒಂದು ಮಾತ್ರ ಕಡಿಮೆ ಬಂದರೆ ಅದರೊಳಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯಲು ಹೇಳಿ. ಒತ್ತಡ ಏರಿದರೆ ಪಿಸ್ಟನ್ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್. ಅಕ್ಕಪಕ್ಕದ ಎರಡು ಸಿಲಿಂಡರಲ್ಲಿ ಒಟ್ಟಿಗೆ ಕಡಿಮೆಯಿದ್ದರೆ ಅವುಗಳ ನಡುವೆ ಗ್ಯಾಸ್ಕೆಟ್ ಸುಟ್ಟಿರುವ ಸಾಧ್ಯತೆ ಹೆಚ್ಚು. ಮೆಕ್ಯಾನಿಕ್ ಹತ್ತಿರ ಹೋಗುವಾಗ ಈ ಅಂಕಿಗಳನ್ನೂ, ಎರಡನೇ ಹಂತದಲ್ಲಿ ಬರೆದ ನೋಟನ್ನೂ ತೆಗೆದುಕೊಂಡು ಹೋಗಿ. ಯಾವ ಭಾಗ ಬದಲಿಸಿ ಅಂತ ಹೇಳಬೇಡಿ, ಯಾವಾಗ ಏನಾಗುತ್ತದೆ ಅನ್ನುವುದನ್ನು ಹೇಳಿ.